ಬಡಾವಣೆಗೆ ಬಂದ ಇಟಲಿಯ ಊಟ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಹೋಟೆಲುಗಳನ್ನು ಕಂಡವರಲ್ಲ. ಕಂಡಿದ್ದರೆ ಆ ಎರಡು ಮಾತುಗಳನ್ನೂ ಒಂದಾಗಿ ಹೊಸೆದು, ಮಾತು ಬಲ್ಲವನಿಗೇ ಊಟ ಎಂದುಬಿಡುತ್ತಿದ್ದರೋ ಏನೋ. ಮನೆಯಲ್ಲಿ ಬಾಯಿ ಬಿಡದೆಯೂ ಉಣ್ಣಬಹುದು. ಬಡಿಸುವ ಕೈಗೆ ಉಣ್ಣುವವರ ರುಚಿ ಗೊತ್ತು. ಹೊರಗೆ ಹಾಗಲ್ಲ. ಅದರಲ್ಲಿಯೂ ಹೆಸರೇ ಹೊಸದಾದ ಊಟದ ಮುಂದೆ ಕುಳಿತಾಗ, ಕೇಳಲು ಸಂಕೋಚಪಟ್ಟವನು ಹಸಿದು ಏಳುತ್ತಾನೆ. ಇಲ್ಲವೆ ಉಣ್ಣಬಾರದ್ದನ್ನು ಉಂಡು ಏಳುತ್ತಾನೆ.

ಬೆಂಗಳೂರಿನ ಸಂಸಾರಗಳಿಗೆ ಇಂಥ ಇಕ್ಕಟ್ಟನ್ನು ಈಗ ತಂದಿಟ್ಟಿರುವ ಊಟಗಳಲ್ಲಿ ಇಟಲಿಯ ಊಟ ಒಂದು. ಒಂದು ಕಾಲಕ್ಕೆ ಅದು ದೊಡ್ಡ ಹೋಟೆಲುಗಳ ಒಳಗೆ, ಮಹಾತ್ಮ ಗಾಂಧಿ ರಸ್ತೆಯ ಆಸುಪಾಸಿನಲ್ಲಿ ಮಾತ್ರ ಸಿಗುತ್ತಿತ್ತು. ಈಗ ಇಂದಿರಾನಗರ, ಕೋರಮಂಗಲ, ಜಯನಗರಗಳಂಥ ಬಡಾವಣೆಗಳಲ್ಲಿ ಔಷಧಿಯ ಅಂಗಡಿಗೂ ದರ್ಶಿನಿಗೂ ನಡುವೆ ಎಂಟು ಹತ್ತು ಮೇಜುಗಳ ಇಟಲಿಯ ಊಟದ ಮನೆಯೊಂದು ದೀಪ ಹಚ್ಚಿಕೊಂಡು ಕುಳಿತಿರುತ್ತದೆ. ಹಿಂದುಗಡೆ ಇಟ್ಟಿಗೆಯ ಒಲೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿನಿಸುಗಳ ಪಟ್ಟಿ. ಗಲ್ಲಾದ ಬಳಿ ಕಾಫಿಯ ಯಂತ್ರ. ಇಟಲಿಯಲ್ಲಿ ಇಂಥದನ್ನು ‘ಟ್ರಾಟೋರಿಯಾ’ ಎನ್ನುತ್ತಾರೆ. ಅಲ್ಲಿ ಅದು ಆಡಂಬರದ ಸ್ಥಳವಲ್ಲ. ಮನೆಯವರೇ ನಡೆಸುವ, ನೆರೆಯವರು ಬಂದು ಉಣ್ಣುವ ಸಾಧಾರಣ ಊಟದ ಮನೆ; ನಮ್ಮ ಬೀದಿಯ ಉಡುಪಿ ಹೋಟೆಲಿನಂತೆಯೇ.

ಮಧುರೆಯ ಶನಿವಾರ, ಬೆಂಗಳೂರಿನ ಸಂಜೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಹೆಸರನ್ನು ಬೆಂಗಳೂರಿನವರು ಬಲ್ಲರು. ಅಲ್ಲಿಯ ಚಿಕ್ಕಮಧುರೆಯ ಶನಿಮಹಾತ್ಮ ದೇವಾಲಯಕ್ಕೆ ಶನಿವಾರಗಳಂದು, ಶ್ರಾವಣದಲ್ಲಂತೂ ವಿಶೇಷವಾಗಿ, ನಗರದಿಂದ ಜನ ಹೋಗುತ್ತಾರೆ. ಆ ಸೀಮೆಯ ಹಲವು ಮನೆಗಳಲ್ಲಿ ಶನಿವಾರ ಎಂದರೆ ಒಪ್ಪೊತ್ತಿನ ದಿನ. ಉಳಿದ ದಿನ ಕೋಳಿಸಾರು ಉಣ್ಣುವವರೂ ಅಂದು ಮಾಂಸ ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಕೆಲವರು ಈರುಳ್ಳಿ ಬೆಳ್ಳುಳ್ಳಿಗಳನ್ನೂ ಬಿಡುತ್ತಾರೆ.

ಇಂಥ ಮನೆಯ ಅಜ್ಜಿಯೊಬ್ಬರು ನಗರದಲ್ಲಿರುವ ಮಗನ ಮನೆಗೆ ಬಂದಿದ್ದಾರೆ ಎಂದುಕೊಳ್ಳೋಣ. ಶನಿವಾರ ಸಂಜೆ. ಮೊಮ್ಮಕ್ಕಳಿಗೆ ಮೂಲೆಯ ಇಟಲಿ ಹೋಟೆಲೇ ಆಗಬೇಕು. ಅಜ್ಜಿಯನ್ನು ಒಬ್ಬರನ್ನೇ ಮನೆಯಲ್ಲಿ ಬಿಟ್ಟುಹೋಗಲು ಸೊಸೆಗೆ ಮನಸ್ಸಿಲ್ಲ. “ನೀವೂ ಬನ್ನಿ ಅತ್ತೆ, ಏನಾದರೂ ಸಿಗುತ್ತೆ” ಎನ್ನುತ್ತಾಳೆ. ಎಲ್ಲರೂ ಹೊರಡುತ್ತಾರೆ. ಮೇಜಿನ ಮುಂದೆ ಕುಳಿತ ಮೇಲೆ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಒಂದೂ ಅಜ್ಜಿಗೆ ತಿಳಿಯದು. ಮಗನಿಗೂ ಅರ್ಧ ತಿಳಿಯದು. ತಿಳಿಯದೆಂದು ಮಕ್ಕಳ ಎದುರಿನಲ್ಲಿ, ಬಿಳಿಯ ಅಂಗಿಯ ಮಾಣಿಯ ಎದುರಿನಲ್ಲಿ ಒಪ್ಪಿಕೊಳ್ಳುವುದು ಹೇಗೆ? ಇಂಥ ಎಷ್ಟೋ ಮೇಜುಗಳಲ್ಲಿ ಹಿರಿಯರು, “ನನಗೆ ಹಸಿವಿಲ್ಲ, ನೀವು ತಿನ್ನಿ” ಎಂದು ನೀರು ಕುಡಿದು ಸುಮ್ಮನಾಗುತ್ತಾರೆ. ಸಂಸಾರವೆಲ್ಲ ಒಟ್ಟಿಗೆ ಉಣ್ಣಲೆಂದು ಬಂದು, ಮನೆಯ ಹಿರಿಯ ಜೀವ ಮಾತ್ರ ಉಪವಾಸ ಎದ್ದುಹೋಗುವ ಊಟ ಎಷ್ಟು ರುಚಿಯಾಗಿದ್ದರೇನು!

ಈ ಉಪವಾಸಕ್ಕೆ ಕಾರಣ ಇಟಲಿಯ ಅಡುಗೆಯಲ್ಲ; ನಮ್ಮ ಸಂಕೋಚ. ಆ ಅಡುಗೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದು ಅಜ್ಜಿಗೆ ತೀರ ಅಪರಿಚಿತವಾದುದೇನೂ ಅಲ್ಲ.

ಶ್ಯಾವಿಗೆಯ ದಾಯಾದಿಗಳು

ಇಟಲಿಯ ಊಟದ ಜೀವಾಳ ಪಾಸ್ತಾ. ಹೆಸರು ಹೊಸದು, ಪದಾರ್ಥ ಹಳೆಯದು. ಗಡಸು ಗೋಧಿಯ ರವೆಯನ್ನು ನೀರಿನಲ್ಲಿ ನಾದಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿದರೆ ಪಾಸ್ತಾ ಆಯಿತು. ಅಲ್ಲಿ ಮಾರುವ ಒಣ ಪಾಸ್ತಾವನ್ನು ಈ ಗಡಸು ಗೋಧಿಯಿಂದಲೇ ಮಾಡಬೇಕೆಂದು ಇಟಲಿಯ ಕಾನೂನೇ ವಿಧಿಸಿದೆ. ಒತ್ತುಶ್ಯಾವಿಗೆಯನ್ನು ಕಂಡ ಕಣ್ಣಿಗೆ ಇದರಲ್ಲಿ ಬೆರಗುಪಡುವಂಥದೇನಿದೆ? ಶ್ಯಾವಿಗೆಯ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವ ‘ವರ್ಮಿಸೆಲ್ಲಿ’ ಎಂಬ ಮಾತೂ ಇಟಲಿಯದೇ. ಚಿಕ್ಕ ಹುಳುಗಳು ಎಂದು ಅದರ ಅರ್ಥ. ಅರ್ಥ ತಿಳಿದರೆ ಉಪ್ಪಿಟ್ಟು ಮುಂದೆ ಹೋಗಲಾರದೆಂದೋ ಏನೋ, ಆ ಪದವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಪಾಸ್ತಾವನ್ನು ಅವರು ನಾವು ಬೇಯಿಸುವಷ್ಟು ಮೆತ್ತಗೆ ಬೇಯಿಸುವುದಿಲ್ಲ. ಹಲ್ಲಿಗೆ ಸ್ವಲ್ಪ ಸಿಗುವಂತೆ ಇಳಿಸುತ್ತಾರೆ. ಅದು ಅರೆಬೆಂದದ್ದಲ್ಲ, ಅವರ ಹದವೇ ಅದು. ವಯಸ್ಸಾದವರಿಗೆ ಹಾಗೆ ಬೇಡವೆಂದರೆ ಇನ್ನೆರಡು ನಿಮಿಷ ಬೇಯಿಸಿರೆಂದು ಹೇಳುವುದರಲ್ಲಿ ತಪ್ಪಿಲ್ಲ.

ಉಳಿದವುಗಳಿಗೂ ಹೀಗೆಯೇ ನೆಂಟಸ್ತಿಕೆ ಹುಡುಕಬಹುದು. ರವಿಯೋಲಿ ಎಂಬುದು ಹೂರಣ ತುಂಬಿದ ಕಡುಬಿನ ದಾಯಾದಿ. ರಿಸೊಟ್ಟೊ ಎಂಬುದು ಅನ್ನ: ಗುಂಡಗಿನ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿ ಕಟ್ಟನ್ನು ಸೌಟು ಸೌಟಾಗಿ ಹೊಯ್ಯುತ್ತ, ಕದಡುತ್ತ, ಮುದ್ದೆಯೂ ಆಗದೆ ಉದುರೂ ಆಗದೆ ಬೇಯಿಸಿದ್ದು. ಉತ್ತರ ಇಟಲಿಯ ರೈತರ ಪೊಲೆಂಟಾ ಎಂಬುದನ್ನು ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ತಿರುವಿ ಮಾಡುತ್ತಾರೆ. ಮುದ್ದೆಕೋಲು ಹಿಡಿದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಿನೋವಾ ನಗರದ ಪೆಸ್ಟೊ ನಮ್ಮ ಒರಳುಕಲ್ಲಿನ ಚಟ್ನಿಯೇ. ಕುಟ್ಟುವುದು ಎಂಬ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಅದಕ್ಕೆ ಬಳಸುವ ಸೊಪ್ಪು ಬೇರೆಯಲ್ಲ, ಕಾಮಕಸ್ತೂರಿ. ಪಿಟ್ಸಾದ ಮೇಲೆ ಉದುರಿಸುವ ಓರೆಗಾನೊ ಬೇರೆಯ ಗಿಡವಾದರೂ ವಾಸನೆಯಲ್ಲಿ ಹಿತ್ತಲಿನ ದೊಡ್ಡಪತ್ರೆಯನ್ನು ನೆನಪಿಗೆ ತರುತ್ತದೆ.

ಟೊಮೇಟೊ ಇಲ್ಲದ ಇಟಲಿಯ ಅಡುಗೆಯನ್ನು ಇಂದು ಊಹಿಸುವುದು ಕಷ್ಟ. ಆದರೆ ಅಮೆರಿಕ ಖಂಡದಿಂದ ಬಂದ ಆ ಹಣ್ಣು ಹದಿನಾರನೆಯ ಶತಮಾನಕ್ಕೆ ಮುಂಚೆ ಅಲ್ಲಿ ಇರಲೇ ಇಲ್ಲ. ನಮ್ಮ ಸಾರಿನ ಮೆಣಸಿನಕಾಯಿಯೂ ಅದೇ ಖಂಡದಿಂದ ಬಂದದ್ದು. ಪರದೇಶದ್ದೆಂದು ಇಬ್ಬರೂ ಹಟ ಹಿಡಿದಿದ್ದರೆ ಅವರ ಪಾಸ್ತಾಕ್ಕೆ ಕೆಂಪು ಬರುತ್ತಿರಲಿಲ್ಲ, ನಮ್ಮ ಸಾರಿಗೆ ಈ ಖಾರ ಬರುತ್ತಿರಲಿಲ್ಲ.

ಪಿಟ್ಸಾ ನೇಪಲ್ಸ್ ನಗರದ ಬಡವರ ತಿಂಡಿಯಾಗಿ ಬೆಳೆಯಿತು. 1889ರಲ್ಲಿ ಆ ನಗರಕ್ಕೆ ಬಂದ ರಾಣಿ ಮಾರ್ಗರೀಟಾಳಿಗೆ ಕೆಂಪು, ಬಿಳಿ, ಹಸಿರು ಬಣ್ಣಗಳ ಪಿಟ್ಸಾ ಮಾಡಿಕೊಟ್ಟುದರಿಂದ ಅದಕ್ಕೆ ಅವಳ ಹೆಸರು ಬಂತೆಂದು ಪ್ರತೀತಿ. ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ಹೋಟೆಲಿನವರು ಪೂರ್ತಿ ನಂಬುತ್ತಾರೆ. ಸೌದೆಯ ಒಲೆಯ ಬಿಸಿ ನಾನೂರೈವತ್ತು ಡಿಗ್ರಿಯನ್ನು ದಾಟಿರುವುದರಿಂದ ನಿಜವಾದ ನೇಪಲ್ಸಿನ ಪಿಟ್ಸಾ ಬೇಯಲು ಒಂದೂವರೆ ನಿಮಿಷ ಸಾಕು. ಅದನ್ನು ತಟ್ಟಿ ಬೇಯಿಸುವ ಕುಶಲತೆಯನ್ನು 2017ರಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕೇಳಬೇಕಾದ ಪ್ರಶ್ನೆಗಳು

ಇಷ್ಟು ನೆಂಟಸ್ತಿಕೆಯಿದ್ದರೂ ಸಸ್ಯಾಹಾರದ ನಿಯಮವುಳ್ಳವರು ಕಣ್ಣು ಮುಚ್ಚಿ ಉಣ್ಣುವಂತಿಲ್ಲ. ಪಟ್ಟಿಯಲ್ಲಿ ಮಾಂಸದ ಹೆಸರಿಲ್ಲದ ತಿನಿಸಿನಲ್ಲಿಯೂ ಅದು ಅಡಗಿರಬಹುದು. ಆದುದರಿಂದ ಕೆಲವು ಪ್ರಶ್ನೆಗಳನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಮೊದಲನೆಯದು ಮೊಟ್ಟೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುವುದಿಲ್ಲ. ಹೋಟೆಲಿನಲ್ಲಿಯೇ ಹೊಸದಾಗಿ ಕಲಸಿ ಲಟ್ಟಿಸಿದ ಪಾಸ್ತಾದಲ್ಲಿ ಬಹುಮಟ್ಟಿಗೆ ಇರುತ್ತದೆ. ‘ನಮ್ಮಲ್ಲೇ ಮಾಡಿದ್ದು’ ಎಂಬ ಮಾತು ಹೆಮ್ಮೆಯದಾದರೂ ಅಜ್ಜಿಯ ಪಾಲಿಗೆ ಎಚ್ಚರಿಕೆಯದು.

ಎರಡನೆಯದು ಚೀಸ್. ಹಾಲನ್ನು ಒಡೆಸಿ ಗಟ್ಟಿಮಾಡಲು ಒಂದು ಬಗೆಯ ಹೆಪ್ಪು ಬೇಕು. ಹಳೆಯ ಪದ್ಧತಿಯಲ್ಲಿ ಅದನ್ನು ಎಳಗರುವಿನ ಜಠರದಿಂದ ತೆಗೆಯುತ್ತಾರೆ. ರೆನೆಟ್ ಎಂದು ಅದರ ಹೆಸರು. ಇಟಲಿಯ ಪ್ರಸಿದ್ಧವಾದ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಈ ರೆನೆಟ್ಟಿನಿಂದಲೇ ಮಾಡಬೇಕೆಂಬುದು ಅಲ್ಲಿಯ ನಿಯಮ. ಸೂಕ್ಷ್ಮಜೀವಿಗಳಿಂದ ಪಡೆದ ಹೆಪ್ಪಿನಲ್ಲಿ ಮಾಡಿದ ಚೀಸೂ ಉಂಟು. ನಮ್ಮ ದೇಶದಲ್ಲಿ ತಯಾರಾಗಿ ಹಸಿರು ಚಿಹ್ನೆಯೊಡನೆ ಬರುವ ಚೀಸ್ ಇಂಥದು. ಯಾವುದನ್ನು ಬಳಸಿದ್ದೀರಿ ಎಂದು ಕೇಳಿದರೆ ಅಡುಗೆಯವರು ಪೊಟ್ಟಣವನ್ನೇ ತಂದು ತೋರಿಸಬಲ್ಲರು. ಪೆಸ್ಟೊ ಹಸಿರಾಗಿದೆಯೆಂದು ಕೇಳದೆ ಬಿಡಬಾರದು. ಅದರೊಳಗೂ ಈ ಗಟ್ಟಿ ಚೀಸ್ ಇರುತ್ತದೆ.

ಮೂರನೆಯದು ಕಟ್ಟು. ಮಿನೆಸ್ಟ್ರೋನೆ ಎಂಬ ತರಕಾರಿಯ ಸಾರಿಗಾಗಲಿ ರಿಸೊಟ್ಟೊಗಾಗಲಿ ಕೋಳಿಯ ಕಟ್ಟನ್ನು ಹೊಯ್ಯುವುದು ವಾಡಿಕೆ. ರಿಸೊಟ್ಟೊಗೆ ಒಂದಿಷ್ಟು ದ್ರಾಕ್ಷಾರಸವನ್ನೂ ಹಾಕುತ್ತಾರೆ. ಇನ್ನು ಸೀಸರ್ ಸಾಲಡ್ ಎಂಬ ಎಲೆಗಳ ಕೋಸಂಬರಿಯ ಮೇಲೋಗರದಲ್ಲಿ ಆಂಚೊವಿ ಎಂಬ ಸಣ್ಣ ಮೀನು ಸೇರಿರುವುದುಂಟು. ಕೊನೆಯಲ್ಲಿ ಬರುವ ಸಿಹಿಗಳಲ್ಲಿ ತಿರಮಿಸು ಮೊಟ್ಟೆಯದು. ಪನ್ನಾಕೊಟ್ಟಾ ಗಟ್ಟಿಯಾಗಿ ನಿಲ್ಲುವುದು ಜೆಲಟಿನ್ನಿನಿಂದ, ಅದು ಪ್ರಾಣಿಜನ್ಯ.

ಇಷ್ಟನ್ನು ಕೇಳಿದರೆ ಮಾಣಿ ನಗುವನೇ? ನಗುವುದಿಲ್ಲ. “ಇದ್ರಲ್ಲಿ ಮೊಟ್ಟೆ ಏನಾದ್ರೂ ಹಾಕ್ತೀರೇನಪ್ಪಾ?” ಎಂದು ಅಜ್ಜಿಯೇ ನೇರವಾಗಿ ಕೇಳಿದರೆ, “ಇರಿ ಅಮ್ಮ, ಒಳಗೆ ಕೇಳ್ಕೊಂಡು ಬರ್ತೀನಿ” ಎಂಬುದೇ ಬಹುಮಟ್ಟಿಗೆ ಬರುವ ಉತ್ತರ. ಕನ್ನಡ ಬಾರದ ಹುಡುಗನಾದರೆ ಬಲ್ಲವರನ್ನು ಕರೆದು ತರುತ್ತಾನೆ. ಬೆಂಗಳೂರಿನ ಇಟಲಿ ಹೋಟೆಲುಗಳು ಈ ಪ್ರಶ್ನೆಗಳಿಗೆ ಒಗ್ಗಿಹೋಗಿವೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಜೈನರ ಪಿಟ್ಸಾವನ್ನು ಪಟ್ಟಿಯಲ್ಲಿಯೇ ಅಚ್ಚುಮಾಡಿಸಿದವರುಂಟು. ನೇಪಲ್ಸಿನವನು ಅದನ್ನು ಕಂಡು ಹುಬ್ಬು ಗಂಟಿಕ್ಕಬಹುದು. ಆದರೆ ಬಡಾವಣೆಯ ಊಟದ ಮನೆಗೆ ದೂರದ ನೇಪಲ್ಸಿಗಿಂತ ಎದುರು ಮನೆಯ ಅಜ್ಜಿ ಮುಖ್ಯ.

ಹಿಂದಿನ ಕಾಲದ ಪ್ರಶ್ನೆ

ಹೋಟೆಲಿನಲ್ಲಿ ಪ್ರಶ್ನೆ ಕೇಳುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. ಕೇಳುವವರು ಮಾತ್ರ ಬೇರೆಯಾಗಿದ್ದರು. ಒಂದು ಕಾಲದಲ್ಲಿ ಹೋಟೆಲೇ ಬಂದವನನ್ನು ಕೇಳುತ್ತಿತ್ತು: ನೀನು ಯಾರು? ಯಾವ ಜಾತಿ? ಬ್ರಾಹ್ಮಣರಿಗೆ ಪ್ರತ್ಯೇಕ ಕೊಠಡಿ, ಇತರರಿಗೆ ಬೇರೆ ಜಾಗ, ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗೆ ನಿಂತು ಕುಡಿಯಬೇಕಾದ ಬೇರೆ ಲೋಟ: ಇದು ನಮ್ಮ ಊರುಗಳ ಹಳೆಯ ಹೋಟೆಲುಗಳ ಚರಿತ್ರೆ. ಸಸ್ಯಾಹಾರದ ಶುಚಿ ರುಚಿಗಳನ್ನು ಹೊಗಳುವಾಗ ಈ ಚರಿತ್ರೆಯನ್ನು ಮರೆಯಬಾರದು.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಆ ಪ್ರಶ್ನೆಯನ್ನು ಕಾನೂನಿಗೆ ವಿರುದ್ಧವೆಂದು ಸಾರಿತು. ಅದರ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿ ಸಲ್ಲದೆಂದು ಹೆಸರಿಸಿಯೇ ಹೇಳಿದೆ. ದೇಶದ ಮೂಲಶಾಸನದಲ್ಲಿ ಊಟದ ಮೇಜಿಗೂ ಒಂದು ಸ್ಥಾನ ಬೇಕಾಯಿತೆಂದರೆ ಆ ಮೇಜಿನ ಮೇಲೆ ಎಷ್ಟು ಅನ್ಯಾಯ ನಡೆದಿತ್ತೆಂಬುದನ್ನು ಊಹಿಸಬಹುದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ವಿಧಿಸಿತು.

ಬೆಂಗಳೂರಿನ ಒಂದು ಹೆಸರುವಾಸಿ ಹೋಟೆಲಿನ ನಾಮಫಲಕದಲ್ಲಿಯೇ ಕಾಲದ ಬದಲಾವಣೆಯನ್ನು ಓದಬಹುದು. ಉಡುಪಿಯ ಸೀಮೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ, ಅಲ್ಲಿಯ ಊಟದ ಮನೆಗಳನ್ನು ನೋಡಿ, ಅವುಗಳ ಶುಚಿತ್ವದ ಕ್ರಮಗಳನ್ನು ಮನಸ್ಸಿಗೆ ತಂದುಕೊಂಡು ಮರಳಿದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ಗೋಧಿಯ ರವೆಯಲ್ಲಿ ಇಡ್ಲಿ ಮಾಡಿದ ಕೀರ್ತಿಯೂ ಈ ಹೋಟೆಲಿನದೇ. ಇಟಲಿಯವರು ರವೆಯಲ್ಲಿ ಪಾಸ್ತಾ ಒತ್ತಿದರೆ ಬೆಂಗಳೂರಿನವರು ಇಡ್ಲಿ ಹೊಯ್ದರು.

ಈಗ ಪ್ರಶ್ನೆ ತಿರುಗಿ ನಿಂತಿದೆ. ಹೋಟೆಲು ಉಣ್ಣುವವನನ್ನು ಕೇಳುವುದಿಲ್ಲ. ಉಣ್ಣುವವನು ಹೋಟೆಲನ್ನು ಕೇಳುತ್ತಾನೆ: ಇದರಲ್ಲಿ ಏನಿದೆ? ಮೊದಲಿನದು ಮನುಷ್ಯನನ್ನು ಅಳೆಯುವ ಪ್ರಶ್ನೆ, ಇದು ಅನ್ನವನ್ನು ಅರಿಯುವ ಪ್ರಶ್ನೆ. ಎರಡಕ್ಕೂ ಇರುವ ಅಂತರ ದೊಡ್ಡದು. ಅದನ್ನು ಕಾಪಾಡಿಕೊಳ್ಳಬೇಕಾದ ಹೊಣೆ ಉಣ್ಣುವವರದು. ತನ್ನ ತಟ್ಟೆಯಲ್ಲಿ ಏನಿದೆಯೆಂದು ಕೇಳುವ ಹಕ್ಕು ಎಲ್ಲರಿಗೂ ಉಂಟು. ಪಕ್ಕದ ಮೇಜಿನ ತಟ್ಟೆಯಲ್ಲಿ ಏನಿದೆಯೆಂದು ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಅಜ್ಜಿ ತನ್ನ ಶನಿವಾರದ ನೇಮವನ್ನು ನಡೆಸುತ್ತಿರುವಾಗ ಎದುರು ಮೇಜಿನವರು ಮೀನು ಉಣ್ಣುತ್ತಿದ್ದರೆ, ಒಂದೇ ಸೂರಿನಡಿ ಎರಡು ಊಟಗಳು ನೆಮ್ಮದಿಯಿಂದ ನಡೆದವೆಂದೇ ಅರ್ಥ.

ಯಾರ ಹೊಲದ ಅನ್ನ?

ಇನ್ನೊಂದು ಪ್ರಶ್ನೆಯನ್ನು ರೈತರು ಕೇಳಿದ್ದರು. 1996ರ ಜನವರಿಯಲ್ಲಿ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘದ ಕಾರ್ಯಕರ್ತರು ಬ್ರಿಗೇಡ್ ರಸ್ತೆಯಲ್ಲಿದ್ದ ಅಮೆರಿಕದ ಕೋಳಿ ಮಳಿಗೆಗೆ ನುಗ್ಗಿ ಧ್ವಂಸಮಾಡಿದರು. ಅದೇ ವರ್ಷ ಅಮೆರಿಕದ್ದೇ ಆದ ಪಿಟ್ಸಾ ಹಟ್ ಸಂಸ್ಥೆ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲಿಯೇ ತೆರೆಯಿತು. ಅವರು ಹಿಡಿದ ಮಾರ್ಗವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಪರದೇಶದ ಊಟ ಬಂದರೆ ಇಲ್ಲಿಯ ಹೊಲಕ್ಕೆ ಏನು ಸಿಗುತ್ತದೆ ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಬಡಾವಣೆಯ ಪುಟ್ಟ ಇಟಲಿ ಹೋಟೆಲಿನಲ್ಲಿ ಇದಕ್ಕೆ ಸ್ವಲ್ಪಮಟ್ಟಿನ ಉತ್ತರ ಸಿಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯಲ್ಲಿ ಪಾಲಿಹೌಸುಗಳೊಳಗೆ ಕೆಂಪು, ಹಳದಿ ಬಣ್ಣದ ದೊಣ್ಣೆಮೆಣಸಿನಕಾಯಿ ಬೆಳೆಯುತ್ತದೆ. ಇಟಲಿಯ ವಲ್ಲೊಂಬ್ರೋಸಾ ಪರಂಪರೆಗೆ ಸೇರಿದ ಕ್ರೈಸ್ತ ಸಂನ್ಯಾಸಿಗಳು ಬೆಂಗಳೂರಿನಲ್ಲಿಯೇ ಮೊಟ್ಸರೆಲ್ಲಾ ಮೊದಲಾದ ಚೀಸುಗಳನ್ನು ತಯಾರಿಸಿ ಹೋಟೆಲುಗಳಿಗೆ ಒದಗಿಸುತ್ತಾರೆ. ಕನ್ವಲ್ ಗ್ರೋವರ್ 1988ರಲ್ಲಿ ಸ್ಥಾಪಿಸಿದ ದ್ರಾಕ್ಷಾರಸದ ಸಂಸ್ಥೆ ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಮಗ್ಗುಲಲ್ಲಿಯೇ ಇದೆ. ಎಲ್ಲ ಹೋಟೆಲುಗಳೂ ಸ್ಥಳೀಯವಾದುದನ್ನೇ ಕೊಳ್ಳುತ್ತವೆಂದು ಹೇಳುವಂತಿಲ್ಲ. ಆದರೆ ಇದನ್ನೂ ಕೇಳಬಹುದು. ಗಿರಾಕಿಗಳು ಕೇಳತೊಡಗಿದರೆ ಹೋಟೆಲಿನವರು ಕೊಳ್ಳತೊಡಗುತ್ತಾರೆ.

ವ್ಯಾಪಾರ ಒಂದೇ ದಿಕ್ಕಿನದೂ ಅಲ್ಲ. ಊಟದ ಕೊನೆಯಲ್ಲಿ ಇಟಲಿಯವರು ಕುಡಿಯುವ ಗುಟುಕು ಕಾಫಿ ಎಸ್ಪ್ರೆಸೊ. ಅದನ್ನು ಇಳಿಸುವ ಯಂತ್ರಕ್ಕೆ 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಕ್ಕುಪತ್ರ ಪಡೆದ. ಯಂತ್ರ ಅವರದಾದರೂ ಬೀಜ ಅವರದಲ್ಲ. ಭಾರತದ ಕಾಫಿಗೆ ಬಹುಕಾಲದಿಂದ ಅತಿ ದೊಡ್ಡ ಗಿರಾಕಿ ಇಟಲಿಯೇ. ಆ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಬೆಂಗಳೂರಿನ ಬಡಾವಣೆಯಲ್ಲಿ ಇಟಲಿಯ ಊಟ ನಡೆಯುತ್ತಿರುವ ಹೊತ್ತಿಗೇ ಮಿಲಾನಿನ ಬೀದಿಯಲ್ಲಿ ಕೊಡಗಿನ ಕಾಫಿ ನಡೆಯುತ್ತಿರಬಹುದು.

ಕೊನೆಯ ಪ್ರಶ್ನೆ

ಊಟವಾದ ಮೇಲೆ ಬಿಲ್ಲು ಬರುತ್ತದೆ. ಇಂಥ ಹೋಟೆಲಿನಲ್ಲಿ ಒಂದು ಸಂಸಾರದ ಖರ್ಚು ದರ್ಶಿನಿಯ ಖರ್ಚಿನ ಹಲವು ಪಟ್ಟು ಆಗುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೆಲೆಯನ್ನು ಮೊದಲೇ ನೋಡಿಕೊಂಡು, ಎರಡು ಪಿಟ್ಸಾಗಳನ್ನು ಐವರು ಹಂಚಿಕೊಳ್ಳುವುದು ಅವಮಾನವೇನಲ್ಲ. ಟ್ರಾಟೋರಿಯಾದ ಮೇಜಿನ ಮೇಲೂ ತಟ್ಟೆಗಳು ಕೈಯಿಂದ ಕೈಗೆ ಸಾಗುತ್ತವೆ. ಬಿಲ್ಲಿನಲ್ಲಿ ‘ಸೇವಾ ಶುಲ್ಕ’ ಎಂದು ಸೇರಿಸಿದ್ದರೆ ಅದನ್ನೂ ಕೇಳಬಹುದು. ಅದನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ತಾನಾಗಿ ಸೇರಿಸಕೂಡದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ ತಿಂಗಳಿನಲ್ಲಿ ಸೂಚನೆ ಹೊರಡಿಸಿದೆ. ಚೆನ್ನಾಗಿ ನೋಡಿಕೊಂಡ ಮಾಣಿಯ ಕೈಗೆ ಸಂತೋಷದಿಂದ ಕೊಡುವುದು ಬೇರೆಯ ಮಾತು.

ಊಟದ ಮನೆಯೊಂದು ಬಡಾವಣೆಯದಾಗುವುದು ಬಾಡಿಗೆಯ ಚೀಟಿಯಿಂದಲ್ಲ. ಆ ಬೀದಿಯ ಜನ ಅಲ್ಲಿ ಸಂಕೋಚವಿಲ್ಲದೆ ಕೇಳಬಲ್ಲವರಾದಾಗ, ಕೇಳಿದ್ದಕ್ಕೆ ಒಳಗಿನಿಂದ ನಿಜವಾದ ಉತ್ತರ ಬಂದಾಗ, ಅದು ಬಡಾವಣೆಯದಾಗುತ್ತದೆ. ಉಡುಪಿ ಹೋಟೆಲಿಗೆ ಆ ಹೆಸರು ಬರಲು ಅರ್ಧ ಶತಮಾನ ಹಿಡಿಯಿತು, ಒಂದು ಸಂವಿಧಾನವೂ ಬೇಕಾಯಿತು. ಇಟಲಿಯ ಹೋಟೆಲಿಗೆ ಅಷ್ಟು ಕಾಲ ಹಿಡಿಯಬೇಕಾಗಿಲ್ಲ. ಹಿರಿಯರ ಎದುರಿಗೆ ಒಂದು ತಟ್ಟೆ ಶ್ಯಾವಿಗೆಯಂಥ ಪಾಸ್ತಾ, ಮೊಟ್ಟೆಯಿಲ್ಲದ್ದು, ಬೆಳ್ಳುಳ್ಳಿಯಿಲ್ಲದ್ದು, ಸ್ವಲ್ಪ ಮೆತ್ತಗೆ ಬೆಂದದ್ದು, ಬಿಸಿಯಾಗಿ ಬಂದು ಕುಳಿತರೆ ಸಾಕು.